ಮೂವತ್ತರಲ್ಲಿ ಮಡಚಿದ ವ್ಯಾನು

ಗಾಡಿ ಹೇಗೆ ಗುದ್ದಿತೆಂದು ಡ್ರೈವರನ್ನು ಕೇಳಬಾರದು, ತಗಡನ್ನು ಕೇಳಬೇಕು. ಮೂವತ್ತು ವರ್ಷದಿಂದ ಶಂಭುಲಿಂಗ ಇದನ್ನೇ ಹೇಳುತ್ತ ಬಂದಿದ್ದ. ಡ್ರೈವರ್ ಅರ್ಧ ಸುಳ್ಳು ಹೇಳುತ್ತಾನೆ, ಮಾಲೀಕ ಪೂರ್ತಿ ಸುಳ್ಳು ಹೇಳುತ್ತಾನೆ, ತಗಡು ತಾನು ತಿಂದ ಪೆಟ್ಟನ್ನಷ್ಟೇ ಹೇಳುತ್ತದೆ. ಬನವಾಸಿ ಕಡೆಯಿಂದ ಬಂದು ಸಿದ್ದಾಪುರದ ಹೊರಗೆ, ಶಿರಸಿ ರಸ್ತೆಗೆ ಮುಖ ಮಾಡಿ ಟಿಂಕರಿಂಗ್ ಶೆಡ್ ಹಾಕಿದ ಈ ಮನುಷ್ಯನ ಬಾಯಿ ಕೆಟ್ಟದ್ದು, ಕೈ ಒಳ್ಳೆಯದು ಎಂದು ಪೇಟೆಗೆಲ್ಲ ಗೊತ್ತಿತ್ತು. ಅವನು ಬಡಿದು ನೇರ ಮಾಡಿದ ಬಾಗಿಲಿನ ಮೇಲೆ ಕೈಯಾಡಿಸಿದರೆ ಪೆಟ್ಟು ಎಲ್ಲಿತ್ತೆಂದು ಮಾಲೀಕನಿಗೇ ತಿಳಿಯುತ್ತಿರಲಿಲ್ಲ.

ಆ ಮಂಗಳವಾರ ಟ್ರ್ಯಾಕ್ಟರಿನ ಹಿಂದೆ ಸರಪಳಿ ಕಟ್ಟಿಸಿಕೊಂಡು ಬಂದದ್ದು ಕೋಲಸಿರ್ಸಿ ಕಡೆಯ ಮಕ್ಕಳನ್ನು ಪೇಟೆಯ ಶಾಲೆಗೆ ಕರೆತರುವ ವ್ಯಾನು. ಡ್ರೈವರ್ ಬೈರ ಬೆಳಿಗ್ಗೆ ಮೊದಲ ಮಗುವನ್ನು ಹತ್ತಿಸಿಕೊಳ್ಳಲು ಖಾಲಿ ಗಾಡಿಯಲ್ಲಿ ಹೋಗುವಾಗ ಕರುವೊಂದು ಅಡ್ಡ ಬಂತು. ಅದನ್ನು ತಪ್ಪಿಸಲು ಹೋಗಿ ಮೋರಿಯ ಕಟ್ಟೆಗೆ ಗುದ್ದಿದ. ಅವನ ಬಲಗೈ ಮುರಿದಿತ್ತು. ಗಾಡಿಯ ಎಡಮೂಲೆಯನ್ನಂತೂ ನೋಡುವ ಹಾಗಿರಲಿಲ್ಲ. ಮುಂದಿನ ತಗಡು ಒಳಕ್ಕೆ ಮಡಚಿ, ಡ್ರೈವರನ ಪಕ್ಕದ ಸೀಟನ್ನು ಹಿಂದಿನ ಸೀಟಿಗೆ ಒತ್ತಿಬಿಟ್ಟಿತ್ತು. ಆ ಮುಂದಿನ ಸೀಟಿಗಾಗಿ ಮಕ್ಕಳು ದಿನಾ ಬಡಿದಾಡುತ್ತಿದ್ದವು.

ಟ್ರ್ಯಾಕ್ಟರಿನವರು ಹೋದ ಮೇಲೆ ಶಂಭುಲಿಂಗ ಮಡಚಿದ ಮೂಲೆಗೆ ಸ್ಕ್ರೂಡ್ರೈವರ್ ತೂರಿಸಿ ಮೀಟಿದ. ತೂತು ಮುಚ್ಚಲು ಮೆತ್ತಿದ್ದ ಬೆರಳು ದಪ್ಪದ ಪುಟ್ಟಿ ಒಣಗಿದ ರೊಟ್ಟಿಯಂತೆ ಮುರಿದು ಬಿತ್ತು. ಅದರ ಹಿಂದೆ ತಗಡು ಇರಬೇಕಾದ ಜಾಗದಲ್ಲಿ ತುಕ್ಕಿನ ಪುಡಿ ಇತ್ತು.

ಆ ಪುಟ್ಟಿ ಮೆತ್ತಿದವನು ಅವನೇ. ಎರಡು ವರ್ಷದ ಹಿಂದೆ ಮೇ ತಿಂಗಳ ಕೊನೆಗೆ ಇದೇ ವ್ಯಾನು ಶೆಡ್ಡಿಗೆ ಬಂದಿತ್ತು. ಎಡಮೂಲೆಯನ್ನೂ ಅದರ ಒಳಗಿನ ಅಡ್ಡಪಟ್ಟಿಯನ್ನೂ ತುಕ್ಕು ತಿಂದು ಹಾಕಿತ್ತು. ಕೊಳೆತದ್ದನ್ನೆಲ್ಲ ಕತ್ತರಿಸಿ ಹೊಸ ತಗಡು ಬೆಸೆಯಬೇಕಿತ್ತು. ಅದು ಹತ್ತು ದಿನದ ಕೆಲಸ. ಶಾಲೆ ಶುರುವಾಗಲು ಇದ್ದದ್ದು ನಾಲ್ಕು ದಿನ, ಶೆಡ್ಡಿನಲ್ಲಿ ಸಾಲಾಗಿ ನಿಂತ ಬೇರೆ ಗಾಡಿ ಆರು. ಸದ್ಯಕ್ಕೆ ಪುಟ್ಟಿ ಮೆತ್ತಿ ಬಣ್ಣ ಹೊಡೆದು ಕಳಿಸೋಣ, ದಸರಾ ರಜೆಯಲ್ಲಿ ಕರೆಸಿ ಸರಿಯಾಗಿ ಮಾಡಿದರಾಯಿತು ಎಂದುಕೊಂಡ. ಕೇಳಿದವರಿಗೆ ‘ಹೊಸಾ ತಗಡು ಹಾಕೇನ್ರಿ’ ಎಂದ. ದಸರಾ ಬಂತು, ಹೋಯಿತು. ಮತ್ತೊಂದು ದಸರಾವೂ ಹೋಯಿತು. ವ್ಯಾನು ದಿನಾ ಎರಡು ಸಲ ಅವನ ಶೆಡ್ಡಿನ ಮುಂದೆಯೇ ಮಕ್ಕಳನ್ನು ತುಂಬಿಕೊಂಡು ಹಾಯುತ್ತಿತ್ತು. ಮೊದಮೊದಲು ಅದನ್ನು ಕಂಡಾಗ ಬೆನ್ನು ತಿರುಗಿಸಿ ನಿಲ್ಲುತ್ತಿದ್ದ. ಆಮೇಲೆ ನೋಡುವುದೂ ರೂಢಿಯಾಯಿತು.

ಅವನು ಪುಟ್ಟಿಯ ಚೂರುಗಳನ್ನು ಕಾಲಿನಿಂದಲೇ ವ್ಯಾನಿನ ಅಡಿಗೆ ತಳ್ಳಿ, ಟಾರ್ಪಾಲು ಎಳೆದು ಮುಚ್ಚಿದ. ಬಲಗೈ ಈಚೆಗೆ ಭುಜಕ್ಕಿಂತ ಮೇಲೆ ಏಳುತ್ತಿರಲಿಲ್ಲ. ಸುತ್ತಿಗೆ ಕೆಳಗಿಟ್ಟ ಮೇಲೂ ಕಿವಿಯೊಳಗೆ ಬಡಿತ ನಿಲ್ಲುತ್ತಿರಲಿಲ್ಲ. ಐವತ್ತೆರಡು ವರ್ಷಕ್ಕೇ ಎಪ್ಪತ್ತರವನಂತೆ ಸ್ಟೂಲು ಹುಡುಕಿ ಕೂತ.

ಶೆಡ್ಡಿನ ಮೂಲೆಯಲ್ಲಿ ಬೋರ್ಡಿನಿಂದ ಮರೆ ಮಾಡಿದ ಒಂದು ಕೋಣೆ. ಬಿಸಿಎ ಓದುವ ಮಗಳು ಶಿಲ್ಪಾ ಕಾಲೇಜು ಮುಗಿಸಿ ಬಂದು ಅಲ್ಲಿ ಬಿಲ್ಲು ಬರೆಯುತ್ತಿದ್ದಳು. ಬಿಲ್ಲು ಬರೆಯುವುದು ಕಾಲು ಗಂಟೆ. ಉಳಿದ ಹೊತ್ತೆಲ್ಲ ಲ್ಯಾಪ್‌ಟಾಪಿನಲ್ಲಿ ಕಾರಿನ ಆಟ. ದೊಡ್ಡ ಊರು, ಘಟ್ಟ, ಹೆದ್ದಾರಿ. ಎಲ್ಲಿಗೆ ಬೇಕಾದರೂ ಹೋಗಬಹುದು. ಪೊಲೀಸರು ಅಟ್ಟಿಸಿಕೊಂಡು ಬರುತ್ತಾರೆ, ಇವಳು ತಪ್ಪಿಸಿಕೊಳ್ಳುತ್ತಾಳೆ. ತಪ್ಪಿಸಿಕೊಳ್ಳಲಾಗದಿದ್ದರೆ ಗೋಡೆಗೋ ಲಾರಿಗೋ ಗುದ್ದಿ ಮುದ್ದೆಯಾಗುತ್ತಾಳೆ. ಒಂದು ಕೀಲಿ ಒತ್ತಿದರೆ ಗಾಡಿ ಮತ್ತೆ ಹೊಸದು.

“ಇದನ್ನ ಬಡಿಯೂ ಮಂದಿ ಹೊಟ್ಟಿಗೆ ಏನ್ ತಿಂತಾರ?” ಎಂದು ಶಂಭುಲಿಂಗ ಮೊದಲು ಬೈದಿದ್ದ. ಒಂದು ದಿನ ಹಿಂದೆ ನಿಂತು ನೋಡಿದಾಗ ಬಾಯಿ ಮುಚ್ಚಿದ. ಪೆಟ್ಟು ಎಲ್ಲಿ ಬಿತ್ತೋ ಅಲ್ಲಿಂದಲೇ ಬಾನೆಟ್ಟು ಏಳುತ್ತಿತ್ತು, ಬಾಗಿಲಿನ ಕಂಬ ಎಲ್ಲಿ ಬಾಗಬೇಕೋ ಅಲ್ಲೇ ಬಾಗುತ್ತಿತ್ತು. ಯಾರೋ ತಗಡನ್ನು ಬಲ್ಲವರೇ ಮಾಡಿದ ಆಟ. ಆಮೇಲಾಮೇಲೆ ಅವನೇ “ಈಗ ಓರೆ ಹೊಡಿ, ಈಗ ಹಿಂದಿನಿಂದ ಹೊಡಿ” ಎಂದು ಮಗಳಿಗೆ ಹೇಳಿ ನೋಡುತ್ತಿದ್ದ. ತನಗೆ ಮೂರು ವಾರ ಹಿಡಿಯುವ ಕೆಲಸವನ್ನು ಅವಳ ಬೆರಳು ಕಣ್ಣು ಮಿಟುಕಿಸುವಷ್ಟರಲ್ಲಿ ಮಾಡಿ ಮುಗಿಸುವುದನ್ನು ಕಂಡು ಸುಸ್ತಾಗಿ ಹೊರಗೆ ಬರುತ್ತಿದ್ದ.

ಗುರುವಾರ ಮಧ್ಯಾಹ್ನ ರವೀಂದ್ರ ಬಂದ. ಪೇಟೆಯಲ್ಲಿ ಪುಸ್ತಕದ ಅಂಗಡಿ, ಶಾಲೆಯ ಕಮಿಟಿಗೆ ಸೆಕ್ರೆಟರಿ. ಮಾತು ಮೆತ್ತಗೆ, ಹಿಡಿದ ಹಟ ಗಟ್ಟಿ. ಟಾರ್ಪಾಲು ಎತ್ತಿ ನೋಡಿ ಲೊಚಗುಟ್ಟಿದ.

“ಎಂತ ಶಂಭಣ್ಣ, ಮೂವತ್ತರಲ್ಲಿ ಹೋಗ್ತಿದ್ದೆ ಅಂತಾನೆ ಬೈರ. ಮೂವತ್ತರಲ್ಲಿ ಗುದ್ದಿದ್ರೆ ಹಿಂಗೆ ಮುದ್ದೆ ಆಗ್ತದಾ?”

“ಆಗಬಾರದ್ರಿ,” ಎಂದ ಶಂಭುಲಿಂಗ. ಸುಳ್ಳೇನೂ ಹೇಳಲಿಲ್ಲ ಎಂದು ತನಗೆ ತಾನೇ ಹೇಳಿಕೊಂಡ.

“ನಾನೂ ಅದೇ ಹೇಳಿದ್ದು. ಮಕ್ಕಳನ್ನ ಹೊರೋ ಡ್ರೈವರ್ ಹಾರಿಸ್ಕಂಡು ಹೋದ್ರೆ ಹೆಂಗೆ ಇಟ್ಕಳ್ಳೋದು ಮಾರಾಯ?”

ಒಳಗಿನಿಂದ ಪೊಲೀಸ್ ಸೈರನ್ನಿನ ಸದ್ದು, ಹಿಂದೆಯೇ ಧಡಾರ್ ಎಂಬ ಸದ್ದು ಕೇಳಿತು. ರವೀಂದ್ರ ಬೆಚ್ಚಿ ಇಣುಕಿದ. ತೆರೆಯ ಮೇಲೆ ಕಾರೊಂದು ಅಂಗಾತ ಬಿದ್ದು ಚಕ್ರ ತಿರುಗಿಸುತ್ತಿತ್ತು. ಅದು ಏನು, ಹೇಗೆ ಎಂದು ವಿಚಾರಿಸಿದ. ಶಿಲ್ಪಾ ಹುರುಪಿನಿಂದ ಹೇಳಿದಳು. ಅವನು ಗಲ್ಲ ಕೆರೆದುಕೊಂಡ.

“ಇದ್ರಲ್ಲಿ ನಮ್ಮಂಥ ವ್ಯಾನು ಅದ್ಯಾ ತಂಗಿ?”

“ಅದ ರೀ. ಡಬ್ಬಿ ಮೂತಿದು.”

“ಕಟ್ಟೆ?”

“ಗೋಡಿ ಇಡಬಹುದು. ಎಷ್ಟು ಸ್ಪೀಡ್ ಬೇಕ್ರಿ?”

ಮೂವತ್ತಕ್ಕೆ ಗುದ್ದಿದಳು: ಬಂಪರ್ ಜಜ್ಜಿತು, ಒಂದು ದೀಪ ಒಡೆಯಿತು, ಮುಂದಿನ ಸೀಟು ಇದ್ದಲ್ಲೇ ಇತ್ತು. ಐವತ್ತಕ್ಕೆ ಗುದ್ದಿದಳು: ಮೂಲೆ ಒಳಗೆ ಹೋಯಿತು. ಎಂಬತ್ತಕ್ಕೆ ಗುದ್ದಿದಾಗ ಟಾರ್ಪಾಲಿನ ಅಡಿಯ ವ್ಯಾನೇ ಎದ್ದು ತೆರೆಯೊಳಗೆ ಹೋಗಿ ಕೂತಂತೆ ಕಂಡಿತು.

“ಮುಗೀತು,” ಎಂದ ರವೀಂದ್ರ. “ಭಾನುವಾರ ಮೀಟಿಂಗಲ್ಲಿ ಇದನ್ನೇ ತೋರ್ಸು ತಂಗಿ. ಯಂತ್ರಕ್ಕೆ ನೆಂಟರಿಲ್ಲ, ಇಷ್ಟರಿಲ್ಲ. ನಾಳೆ ಯಾರೂ ನನ್ನ ಮೇಲೆ ತಪ್ಪು ಹೊರಿಸ್ಬಾರ್ದು. ಬೈರನ್ನ ಕೆಲಸದಿಂದ ಬಿಡ್ಸೋದು, ಲೈಸೆನ್ಸ್ ರದ್ದು ಮಾಡಿ ಅಂತ ಬರೆಯೋದು.”

ಅವನು ಹೋದ ಮೇಲೆ ಶಿಲ್ಪಾ, “ಅಪ್ಪಾ, ನೀ ಅಂತಿದ್ಯಲ್ಲ, ತಗಡ ಕೇಳಬೇಕಂತ! ಈಗ ತಗಡಿಗೆ ನಾ ಬಾಯಿ ಕೊಟ್ಟೆ ನೋಡು,” ಎಂದು ನಕ್ಕಳು. ಅವನು ಶೆಡ್ಡಿನ ಹಿಂದೆ ಹೋಗಿ ಡ್ರಮ್ಮಿನ ನೀರಿನಲ್ಲಿ ಮುಖ ತೊಳೆದ. ಇನ್ನೊಮ್ಮೆ ತೊಳೆದ.

ಯೋಚಿಸಲು ಏನೂ ಇರಲಿಲ್ಲ, ಎಲ್ಲ ಬಿಚ್ಚಿಟ್ಟಂತೆ ಕಾಣುತ್ತಿತ್ತು. ಬಾಯಿ ತೆರೆದರೆ ಬೈರ ಉಳಿಯುತ್ತಾನೆ, ಶಂಭಣ್ಣನ ಕೈ ಎಂಬ ಹೆಸರು ಮಣ್ಣಾಗುತ್ತದೆ. ಮುಚ್ಚಿಕೊಂಡಿದ್ದರೆ ಹೆಸರು ಉಳಿಯುತ್ತದೆ, ಹನ್ನೊಂದು ವರ್ಷ ಮಕ್ಕಳನ್ನು ಹೊತ್ತ ಮನುಷ್ಯ ಮತ್ತೆಂದೂ ಸ್ಟೇರಿಂಗ್ ಹಿಡಿಯುವುದಿಲ್ಲ. ಅಷ್ಟೇ. ಅಷ್ಟನ್ನೇ ಅವನು ಆ ದಿನವೂ ಮರುದಿನವೂ ತಿರುಗಿಸಿ ತಿರುಗಿಸಿ ನೋಡಿದ, ಎಲ್ಲಿಂದ ಬಡಿದರೂ ನೇರವಾಗಲಿಲ್ಲ.

ಶನಿವಾರ ಬೈರನೇ ಬಂದ. ಕೈಗೆ ಪ್ಲಾಸ್ಟರು, ಕೊರಳಿಗೆ ಜೋತು ಬಿದ್ದ ಪಟ್ಟಿ.

“ಚಾ ಬ್ಯಾಡ ಶಂಭಣ್ಣ. ಒಂದ್ ಮಾತು ಹೇಳಿ ಹೋಪ ಅಂತ ಬಂದೆ.”

“ಹೇಳು. ಕೆಲಸ ಐತಿ.”

“ಆ ಕಂಪ್ಯೂಟರ್ ಪಂಚಾಯ್ತಿ ನಂಗೆ ತಿಳಿಯೂದಿಲ್ಲೆ. ಎಂಬತ್ತರಲ್ಲಿದ್ದೆ ಅಂತಾರೆ. ಆ ಗಾಡಿ ಎಂಬತ್ತು ಹೋಗ್ತದೆ ಅಂದ್ರೆ ನಮ್ಮ ಒಂದನೇ ಕ್ಲಾಸಿನ ಮಕ್ಕಳೂ ನಗ್ತಾವೆ. ‘ಖಾಲಿ ಗಾಡಿ, ಇಳಿಜಾರು, ಹೋಗಿರ್ತದೆ’ ಅಂದ್ರು ರವೀಂದ್ರಣ್ಣ. ಎಂತ ಹೇಳೂದು?” ಬೈರ ವ್ಯಾನಿನ ಕಡೆ ನೋಡಲಿಲ್ಲ. “ನೀ ತಗಡು ನೋಡಿ ಹೇಳ್ತೆ ಅಲ್ದಾ, ಗಾಡಿ ಎಷ್ಟರಲ್ಲಿತ್ತು ಅಂತ? ನಾಳೆ ಬಂದು ಹೇಳು. ನನ್ನ ಪರ ಹೇಳ್ಬ್ಯಾಡ. ತಗಡು ಎಂತ ಹೇಳ್ತದೋ ಅದನ್ನೇ ಹೇಳು.”

ಶಂಭುಲಿಂಗನಿಗೆ ಸಿಟ್ಟು ನೆತ್ತಿಗೇರಿತು. ಯಾರ ಮೇಲೆ ಎಂದು ನೋಡಿಕೊಳ್ಳುವ ವ್ಯವಧಾನ ಅದಕ್ಕೆಂದೂ ಇರಲಿಲ್ಲ.

“ನಿಮ್ಮ ಜಗಳದಾಗ ನನ್ನ ಯಾಕ ಎಳೀತಿ? ಕರಾ ಅಡ್ಡ ಬಂದ್ರ ಬ್ರೇಕ್ ಹೊಡೀಬೇಕು, ಕಟ್ಟಿಗೆ ಹೋಗಿ ಮುತ್ತು ಕೊಡಬಾರದು! ಗಾಡಿ ನೀ ಮುರಿ, ಬಡಿಯಾಕ ನಾನು, ಸಾಕ್ಷಿ ಹೇಳಾಕೂ ನಾನ? ಹೋಗ್ ಹೋಗು!”

ಬೈರ ನಕ್ಕ. ದಣಿದ ನಗೆ. “ನೀ ಬೈದ್ರೆ ಗಾಡಿ ಸರಿ ಆಗ್ತದೆ ಅಂತ ಪೇಟೆಯೆಲ್ಲ ಹೇಳ್ತದೆ. ನಂಗೂ ಬೈದೆಯಲ, ಸರಿ ಆಗ್ತದೇನೋ ನೋಡ್ವ.” ಎದ್ದು, ರಸ್ತೆಯ ಅಂಚು ಹಿಡಿದು ನಡೆದು ಹೋದ. ಬಸ್ಸಿಗೆ ಕಾಯಲಿಲ್ಲ.

ಭಾನುವಾರ ಹನ್ನೊಂದಕ್ಕೆ ಶಾಲೆಯ ಹಾಲಿನಲ್ಲಿ ನಲವತ್ತು ಪಾಲಕರು ಸೇರಿದರು. ಗೋಡೆಗೆ ಬಿಳಿ ಪಂಚೆ ಕಟ್ಟಿ, ಪ್ರೊಜೆಕ್ಟರಿಗೆ ಶಿಲ್ಪಾಳ ಲ್ಯಾಪ್‌ಟಾಪ್ ಜೋಡಿಸಿದ್ದರು. ಮಗಳ ಜೊತೆ ಬಂದ ಶಂಭುಲಿಂಗ ಗೋಡೆಯ ಬದಿಗೆ ಕೂತಿದ್ದ. ಜೊತೆಗೆ ಬಂದ ಮಕ್ಕಳು ‘ಅಕ್ಕಾ, ಪೊಲೀಸ್ ಬರೂದು ಹಾಕು’ ಎಂದು ಕಾಡಿದ್ದಕ್ಕೆ ಅವಳು ಎರಡು ನಿಮಿಷ ಬೆನ್ನಟ್ಟುವ ಆಟ ತೋರಿಸಿದಳು. ಕಾರು ಹಾರಿ ಅಂಗಡಿಗೆ ನುಗ್ಗಿದಾಗ ಮಕ್ಕಳು ಚಪ್ಪಾಳೆ ತಟ್ಟಿದರು. ಆಮೇಲೆ ಅವರನ್ನು ಅಂಗಳಕ್ಕೆ ಅಟ್ಟಿ ಬಾಗಿಲು ಹಾಕಿದರು.

ಮೂವತ್ತು. ಐವತ್ತು. ಎಂಬತ್ತು. ಪಂಚೆಯ ಮೇಲಿನ ವ್ಯಾನಿನ ಪಕ್ಕದಲ್ಲೇ ರವೀಂದ್ರ ನಿಜವಾದ ವ್ಯಾನಿನ ಫೋಟೋ ಹಿಡಿದು ನಿಂತ. ಹಾಲಿನಲ್ಲಿ ಗುಸುಗುಸು ಎದ್ದಿತು. ಎಷ್ಟೋ ಜನ ಬೈರನನ್ನು ಹೊಸಬನನ್ನು ನೋಡುವಂತೆ ನೋಡಿದರು.

“ಬೈರ, ಎಂತಾದ್ರೂ ಹೇಳೂದದ್ಯಾ?”

“ಮೂವತ್ತು,” ಎಂದ ಬೈರ. “ಎಷ್ಟು ಸಲ ಕೇಳಿದ್ರೂ ಮೂವತ್ತೇ.”

ಹಿಂದಿನ ಬೆಂಚಿನಿಂದ ಕೋಲಸಿರ್ಸಿಯ ದ್ಯಾವಮ್ಮ ಎದ್ದಳು. ಅವಳ ಮೊಮ್ಮಗಳು ಅದೇ ವ್ಯಾನಿನಲ್ಲಿ ಬರುತ್ತಿದ್ದಳು. “ಸುಳ್ಳು ಬೊಗಳ್ಬ್ಯಾಡ ಬೈರ! ನಮ್ಮ ಹುಡುಗಿಗೆ ಆ ಮುಂದಿನ ಸೀಟೇ ಬೇಕು. ಇನ್ನು ಹತ್ತು ನಿಮಿಷ ಕಳದಿದ್ರೆ ಅದು ಅಲ್ಲೇ ಕೂತಿರ್ತಿತ್ತು. ಆಗ ಎಂತಾ ಎತ್ಕಂಡು ಬರ್ತಿದ್ದೆ ನಮ್ಮನಿಗೆ? ಹೇಳು, ಎಂತಾ ಎತ್ಕಂಡು ಬರ್ತಿದ್ದೆ?”

ಬೈರ ತಲೆ ತಗ್ಗಿಸಿದ. ಆ ಪ್ರಶ್ನೆ ಕೇಳಬೇಕಾದದ್ದು ಅವನನ್ನಲ್ಲ ಎಂಬುದು ಹಾಲಿನಲ್ಲಿ ಒಬ್ಬನಿಗೆ ಮಾತ್ರ ಗೊತ್ತಿತ್ತು. ಶಂಭುಲಿಂಗ ಗೋಡೆಗೆ ಕೈ ಊರಿ ಎದ್ದ. ಸಾಕಾಗಿತ್ತು ಅವನಿಗೆ. ದೊಡ್ಡ ಧೈರ್ಯವೇನೂ ಬರಲಿಲ್ಲ. ಹೊತ್ತುಕೊಂಡು ನಿಲ್ಲಲು ಇನ್ನು ಆಗಲಿಲ್ಲ ಅಷ್ಟೇ.

“ಶಿಲ್ಪಾ, ಆ ವ್ಯಾನು ಹೊಸಾದೋ ಹಳೇದೋ?”

ಅವಳು ತಿರುಗಿದಳು. “ಗೇಮಿನ್ಯಾಗ ಎಲ್ಲಾ ಹೊಸಾವ ಇರ್ತಾವ ಅಪ್ಪಾ.”

“ಎಡಮೂಲಿ ತಗಡಿನ ಗಟ್ಟಿತನ ಕಡಿಮಿ ಮಾಡಾಕ ಬರ್ತೈತೇನು?”

“ಬರ್ತೈತಿ. ಫೈಲಿನ್ಯಾಗ ನಂಬರ್ ತಿದ್ದಬೇಕು. ಯಾಕ?”

“ತಿದ್ದು.”

“ಎಷ್ಟು ಕಡಿಮಿ?”

“ತಗಡ ಇಲ್ಲ ಅಂತ ತಿಳಕೊ.”

ಅವಳ ಬೆರಳು ಕೀಲಿಯ ಮೇಲೆ ನಿಂತವು. “ಒಳಗಿನ ಅಡ್ಡಪಟ್ಟಿ?”

“ಅದೂ ಇಲ್ಲ.”

“ಎಂತ ಶಂಭಣ್ಣ ಇದು?” ಎಂದ ರವೀಂದ್ರ. ಶಂಭುಲಿಂಗ ಕೈ ಎತ್ತಿ ತಡೆದ. ಭುಜದವರೆಗೆ ಮಾತ್ರ ಎದ್ದ ಕೈ. ಶಿಲ್ಪಾ ಅಪ್ಪನ ಮುಖವನ್ನೇ ನೋಡುತ್ತಿದ್ದಳು. ತಿಳಿಯಬೇಕಾದದ್ದು ಅವಳಿಗೆ ತಿಳಿಯುತ್ತಿರುವುದು ಅವನಿಗೆ ಕಾಣುತ್ತಿತ್ತು. ಅವಳು ತಿರುಗಿ ಕೂತು, ಅವನು ಎಂದೂ ಕಾಣದಷ್ಟು ನಿಧಾನವಾಗಿ ಟೈಪು ಮಾಡಿದಳು. ಐದು ನಿಮಿಷ ಹಿಡಿಯಿತು.

“ಈಗ ಮೂವತ್ತರಾಗ ಬಿಡು,” ಎಂದ.

ವ್ಯಾನು ಮೆಲ್ಲಗೆ ಹೊರಟಿತು. ಅಟ್ಟುವ ಪೊಲೀಸರಿಲ್ಲ, ಕೂಗುವ ಮಕ್ಕಳಿಲ್ಲ. ಅಂಥ ವೇಗದಲ್ಲಿ ಸೈಕಲ್ಲಿನವನೂ ಪಕ್ಕದಲ್ಲೇ ಬಂದಾನು. ಗೋಡೆ ಮುಟ್ಟಿತು. ಎಡಮೂಲೆ ನೆನೆದ ರಟ್ಟಿನಂತೆ ಒಳಕ್ಕೆ ಹೋಯಿತು, ಹೋಗುತ್ತಲೇ ಹೋಯಿತು, ಮುಂದಿನ ಸೀಟು ಹಿಂದಿನ ಸೀಟಿಗೆ ಹೋಗಿ ಒತ್ತಿ ನಿಂತಿತು. ರವೀಂದ್ರ ಕೈಯಲ್ಲಿದ್ದ ಫೋಟೋ ನೋಡಿದ, ಪಂಚೆ ನೋಡಿದ.

“ಬೈರ ಮೂವತ್ತರಾಗ ಇದ್ದ,” ಎಂದ ಶಂಭುಲಿಂಗ. “ಎರಡು ವರ್ಷದ ಹಿಂದ ಆ ಮೂಲಿ ಕೊಳೆತಿತ್ತು. ಹೊಸಾ ತಗಡು ಹಾಕೇನಿ ಅಂತ ಹೇಳಿದ್ದು ಸುಳ್ಳು. ಪುಟ್ಟಿ ಮೆತ್ತಿ ಬಣ್ಣ ಹೊಡದಿದ್ದೆ. ಬೇಕಾದವರು ಶೆಡ್ಡಿಗೆ ಬರ್ರಿ, ಚೂರು ಅಲ್ಲೇ ಬಿದ್ದಾವ.”

ಯಾರಾದರೂ ಕೂಗಿದ್ದರೆ ಅವನಿಗೆ ಹಗುರವಾಗುತ್ತಿತ್ತು. ಬೈರ ಎದ್ದು ಬಂದ. ಥ್ಯಾಂಕ್ಸ್ ಹೇಳಲು ಬಂದನೆಂದು ರವೀಂದ್ರ ಪಕ್ಕಕ್ಕೆ ಸರಿದು ದಾರಿ ಬಿಟ್ಟ. ಬೈರ ಎಡಗೈಯಿಂದ ಶಂಭುಲಿಂಗನ ಅಂಗಿಯ ಎದೆ ಹಿಡಿದ.

“ಎರಡು ವರ್ಷ! ದಿನಾ ಆ ಸೀಟಲ್ಲಿ ಎರಡೆರಡು ಮಕ್ಕಳನ್ನ ಕೂರ್ಸ್ಕಂಡು ಹೋಗ್ತಿದ್ದೆ. ಮುಂದೆ ತಗಡದೆ ಅಂತ ತಿಳ್ಕಂಡಿದ್ದೆ ನಾನು. ನಿನ್ನ ಶೆಡ್ಡಿನ ಎದುರಿಗೇ ಹೋಗ್ತಿದ್ದೆ. ಹಾರ್ನ್ ಹೊಡೀತಿದ್ದೆ, ನೀ ಕೈ ಎತ್ತುತಿದ್ದೆ. ಕೈ ಎತ್ತುತಿದ್ದೆ ನೀನು!”

ಬೈರ ಅವನನ್ನು ಅಲುಗಿಸಿ, ಅಲುಗಿಸಿ, ತಾನೇ ದಣಿದು ಬಿಟ್ಟ. ದ್ಯಾವಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು, “ಅಯ್ಯೋ ಪಾಪಿ,” ಎಂದಳು. ಅಷ್ಟು ಮೆಲ್ಲಗೆ ಎಂದದ್ದೂ ಇಡೀ ಹಾಲಿಗೆ ಕೇಳಿತು.

ಕಮಿಟಿ ಅಲ್ಲೇ ಹೇಳಿ ಮುಗಿಸಿತು. ಕೈ ಕೂಡಿದ ಮೇಲೆ ಬೈರನೇ ಡ್ರೈವರ್, ಅಲ್ಲಿಯವರೆಗೆ ಬಾಡಿಗೆ ಗಾಡಿ. ಶಾಲೆಯ ಗಾಡಿ ಇನ್ನು ಶಂಭುಲಿಂಗನ ಶೆಡ್ಡಿನ ಹೊಸ್ತಿಲು ತುಳಿಯುವುದಿಲ್ಲ. ಪೊಲೀಸರಿಗೆ ಬರೆಯುವುದೋ ಬಿಡುವುದೋ ಬುಧವಾರ ತಿಳಿಸುತ್ತೇವೆ ಎಂದ ರವೀಂದ್ರ. ಅವನ ಮಾತು ಈಗಲೂ ಮೆತ್ತಗೇ ಇತ್ತು. ಶಂಭುಲಿಂಗ “ಆತ್ರಿ,” ಎಂದ.

ಅಪ್ಪ ಮಗಳು ನಡೆದೇ ಹೊರಟರು. ಬಿಸಿಲು ನೆತ್ತಿಯ ಮೇಲಿತ್ತು. ಲ್ಯಾಪ್‌ಟಾಪಿನ ಚೀಲವನ್ನು ಅವನು ಕೇಳಿದರೂ ಅವಳು ಕೊಡಲಿಲ್ಲ. ಬಸ್‌ಸ್ಟ್ಯಾಂಡ್ ದಾಟಿದರು. ಪೆಟ್ರೋಲ್ ಬಂಕಿನ ಎದುರು ಅವಳು ನಿಂತಳು.

“ಇನ್ನ ಎಷ್ಟು ಗಾಡಿಗೆ ಹಿಂಗ ಮಾಡೀ?”

“ಅದೊಂದಕ್ಕೇ...”

“ಅಪ್ಪಾ.”

ಅವನು ಕಟ್ಟೆಯ ಮೇಲೆ ಕೂತ. ಒಂದು ಸಾರಿ ಬಾಯಿ ತೆರೆದರೆ ಮುಗಿಯಿತು ಎಂದುಕೊಂಡಿದ್ದ. ಮುಗಿದಿರಲಿಲ್ಲ. “ಇನ್ನೂ ಎರಡು. ಹಾಲಿನ ಲೋಡು ಹೊಡೀತಾನಲ್ಲ, ಸಂಗಯ್ಯ, ಅವನ ಪಿಕಪ್. ಅದು ಬಾಗಿಲಷ್ಟೇ. ಮತ್ತ...” ತಡೆದ. “ಯಲ್ಲಾಪುರದ ಸುಬ್ಬಲಕ್ಷ್ಮಿ ಟೀಚರ್ ಕಾರು. ಮುಂದಿನ ಅಡ್ಡಪಟ್ಟಿ.”

“ಅವರು ಭಾನುವಾರ ತಾಯೀನ್ನ ಕೂರಿಸಿಕೊಂಡು ಚಂದಗುಳಿ ಗುಡಿಗೆ ಹೋಗ್ತಾರಲ್ಲ? ಅವರ ಸ್ಟೇಟಸ್ ತುಂಬ ಅದ ಫೋಟೋ ಇರ್ತಾವ.”

ಅವನು ತಲೆ ಆಡಿಸಿದ.

ಶಿಲ್ಪಾ ಅವನ ಜೇಬಿನಿಂದ ಮೊಬೈಲ್ ತೆಗೆದು ಟೀಚರ ನಂಬರ್ ಒತ್ತಿ, ಅವನ ಕೈಗೆ ಕೊಟ್ಟಳು. ನಾಲ್ಕು ಸಲ ರಿಂಗಾಯಿತು. ಅಷ್ಟರಲ್ಲಿ ತೆಗೆಯದಿದ್ದರೆ ಸಾಕು ಎಂದೂ, ದೇವರೇ ತೆಗೆಯಲಿ ಎಂದೂ ಅವನಿಗೆ ಒಟ್ಟಿಗೇ ಅನ್ನಿಸಿತು. ಆಚೆ ಗಾಳಿಯ ಸದ್ದು, ಇಂಜಿನ್ನಿನ ಸದ್ದು, ಹಿಂದೆ ಯಾರೋ ಮುದುಕಿ ಮಾತಾಡುತ್ತಿದ್ದ ಸದ್ದು.

“ಹೇಳಿ ಶಂಭಣ್ಣ, ಗಾಡಿ ಓಡಿಸ್ತಾ ಇದ್ದೇನೆ. ಸ್ಪೀಕರಿಗೆ ಹಾಕಿದ್ದೇನೆ.”

“ಟೀಚರ್ರ, ಗಾಡಿ ಬಾಜೂಕ ಹಚ್ಚಿ ನಿಲ್ಲಸ್ರಿ.”

“ಈಗ ಹೊರಟಿದ್ದಷ್ಟೇ ಮಾರಾಯ್ರೆ. ಹೋಗಿ ಬಂದು ಫೋನ್ ಮಾಡ್ತೆ.”

“ಇಲ್ರಿ. ಈಗ ನಿಲ್ಲಸ್ರಿ. ನಿಲ್ಲಿಸಿ ಅವ್ವನ್ನ ಕೆಳಗ ಇಳಸ್ರಿ. ಆಮ್ಯಾಲ ಹೇಳ್ತೇನಿ.”

ಚಕ್ರದ ಕೆಳಗೆ ಜಲ್ಲಿ ಸರಿದ ಸದ್ದು ಕೇಳಿತು. ಹ್ಯಾಂಡ್‌ಬ್ರೇಕ್ ಎಳೆದದ್ದು ಕೇಳಿತು. ಇಂಜಿನ್ ನಿಂತಿತು. ಶಂಭುಲಿಂಗ ಒಮ್ಮೆ ಉಸಿರು ಎಳೆದುಕೊಂಡು, ಮೊದಲಿನಿಂದ ಹೇಳತೊಡಗಿದ.